ವಿಮಾನ ನಿಲ್ದಾಣದಲ್ಲಿ ಉಳಿದ ತುಪ್ಪ: ಪದಾರ್ಥ–ಪ್ರಸಾದ ಚಿಂತನೆ

ಶರಣರ ಪರಿಭಾಷೆಯಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ಹೊಲದಲ್ಲಿ ಬೆಳೆದದ್ದು, ಒಲೆಯ ಮೇಲೆ ಬೆಂದದ್ದು, ಸಂತೆಯಿಂದ ತಂದದ್ದು ಎಲ್ಲವೂ ಪದಾರ್ಥ. ಅದೇ ಇಷ್ಟಲಿಂಗಕ್ಕೆ ಅರ್ಪಿತವಾಗಿ, ‘ನನ್ನದು’ ಎಂಬ ಭಾವವನ್ನು ಕಳೆದುಕೊಂಡು ಭಕ್ತನ ಕೈಗೆ ಮರಳಿದಾಗ ಪ್ರಸಾದವೆನಿಸುತ್ತದೆ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಚೆಲ್ಲುವುದು, ಎಡೆಯಲ್ಲಿ ಬಿಟ್ಟೇಳುವುದು ಸಲ್ಲದು. ದಾಸೋಹದ ಪಂಕ್ತಿಯಲ್ಲಿ ಕುಳಿತು, ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಇದ್ದಾರೆ. ಇಂತಹ ಸಂಸ್ಕಾರದಲ್ಲಿ ಬೆಳೆದ ತಾಯಿಯೊಬ್ಬರು, ಲಿಂಗಾರ್ಪಿತವಾದ ಒಂದು ಡಬ್ಬಿ ತುಪ್ಪವನ್ನು ತಮ್ಮ ಕೈಯಾರೆ ಕಸದ ಬುಟ್ಟಿಗೆ ಹಾಕಬೇಕಾಗಿ ಬಂತು.

ಅವರು ಮಲಪ್ರಭೆಯ ದಂಡೆಯ ಒಂದು ಹಳ್ಳಿಯವರು. ಶ್ರೀಮಠದ ದಾಸೋಹದಲ್ಲಿ ಅನೇಕ ವರ್ಷ ರೊಟ್ಟಿ ತಟ್ಟಿದವರು. 2022ರಲ್ಲಿ ದುಬೈಯಲ್ಲಿದ್ದ ಮಗಳಿಗೆ ಚೊಚ್ಚಲ ಹೆರಿಗೆಯಾಯಿತು. ತವರಿಗೆ ಮಗಳು ಬರಲಾಗದಿದ್ದಾಗ ತವರೇ ಮಗಳಿದ್ದಲ್ಲಿಗೆ ಹೊರಟಿತು. ಬಾಣಂತಿಗೆ ಅಂಟಿನ ಉಂಡೆ, ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಚಟ್ನಿಪುಡಿ, ಉಡಿ ತುಂಬಲು ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು ಎಲ್ಲವೂ ಸಿದ್ಧವಾದವು. ಅಳಿಯ ದೂರವಾಣಿಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ್ದ: ಉಂಡೆಯಲ್ಲಿ ಗಸಗಸೆ ಒಂದು ಕಾಳೂ ಇರಬಾರದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ಮಾದಕ ಪದಾರ್ಥಗಳ ಸಾಲಿನಲ್ಲಿ ನಿಷಿದ್ಧ. ಅರಿಯದೆ ಒಯ್ದವರೂ ಅಲ್ಲಿ ಸೆರೆಮನೆ ಕಂಡದ್ದುಂಟು. ನಮ್ಮ ಕಡೆ ಗಸಗಸೆಯಿಲ್ಲದ ಅಂಟಿನ ಉಂಡೆಯನ್ನು ಅಂಟಿನ ಉಂಡೆಯೆಂದು ಒಪ್ಪುವವರು ಕಡಿಮೆ. ಆದರೂ ತಾಯಿ ಬಿಟ್ಟರು. ಇಷ್ಟು ಪಾಲಿಸಿದ ಮೇಲೆ ಇನ್ನೇನೂ ಅಡ್ಡಿಯಿಲ್ಲವೆಂದು ತಿಳಿದರು.

ಮೊದಲ ಅಡ್ಡಿ ಬಂದದ್ದು ಪೆಟ್ಟಿಗೆಗಳನ್ನು ಒಪ್ಪಿಸುವಲ್ಲಿ. ಉಡಿಯ ಕೊಬ್ಬರಿಯನ್ನು ತೆಗೆಸಿದರು. ಎಣ್ಣೆಯ ಅಂಶ ತುಂಬಿರುವ ಒಣ ಕೊಬ್ಬರಿ ತಾನೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದನ್ನು ಸೇರಿಸಲಾಗಿದೆ. ಮಂಗಳದ ವಸ್ತು ಅಪಾಯದ ವಸ್ತುವೆನಿಸಿದ್ದು ತಾಯಿಗೆ ವಿಚಿತ್ರವೆನಿಸಿತು. ಬೀಳ್ಕೊಡಲು ಬಂದಿದ್ದ ಸೋದರಳಿಯನ ಕೈಗೆ ಬಟ್ಟಲುಗಳನ್ನು ಕೊಟ್ಟು, ಅವನನ್ನು ಊರಿಗೆ ಕಳಿಸಿ ಒಳಗೆ ನಡೆದರು.

ತುಪ್ಪ ಕೈಚೀಲದಲ್ಲಿತ್ತು. ಪೆಟ್ಟಿಗೆಗಳನ್ನು ಎತ್ತಿ ಎಸೆಯುತ್ತಾರೆ, ಡಬ್ಬಿ ಒಡೆದೀತು ಎಂಬ ಅಂಜಿಕೆಯಿಂದ ಅದನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದರು. ಮನೆಯ ಆಕಳ ಹಾಲಿನ ಕೆನೆಯನ್ನು ಎರಡು ತಿಂಗಳು ಕೂಡಿಟ್ಟು, ಕಡೆದು, ವೀಳ್ಯದೆಲೆ ಹಾಕಿ ಕಾಸಿದ ತುಪ್ಪ. ಹೊರಡುವ ಮುಂಜಾನೆ ಲಿಂಗಪೂಜೆಯಲ್ಲಿ ಅರ್ಪಿಸಿ ಮುಚ್ಚಳ ಬಿಗಿದಿದ್ದರು. ತಪಾಸಣೆಯ ಯಂತ್ರದಿಂದ ಹೊರಬಂದ ಚೀಲವನ್ನು ಭದ್ರತೆಯ ಯುವಕ ಬದಿಗೆ ಸರಿಸಿದ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ದ್ರವ ಪದಾರ್ಥವಿರುವ ಪ್ರತಿ ಡಬ್ಬಿ 100 ಮಿಲಿಲೀಟರ್ ಮೀರುವಂತಿಲ್ಲ ಎಂದ. ಕನ್ನಡ ಬಲ್ಲ ಸಿಬ್ಬಂದಿಯೊಬ್ಬಳು ಅದನ್ನು ತಿಳಿಸಿ ಹೇಳಿದಳು. ತಾಯಿ ಡಬ್ಬಿಯ ಮುಚ್ಚಳ ತೆಗೆದು ಅದನ್ನು ತಲೆಕೆಳಗು ಮಾಡಿ ಹಿಡಿದರು. ಹಳದಿ ಹರಳುಗಟ್ಟಿ ನಿಂತ ತುಪ್ಪ. ಒಂದು ಹನಿಯೂ ಬೀಳಲಿಲ್ಲ.

“ನೋಡವ್ವಾ, ಇದು ನೀರಲ್ಲ, ಗಟ್ಟಿ ಐತಿ.”

ಆ ಹುಡುಗಿ ನಕ್ಕಳು, ಯುವಕನೂ ನಕ್ಕ; ಆದರೆ ನಿಯಮ ನಗಲಿಲ್ಲ. ಬೆಣ್ಣೆ, ತುಪ್ಪ, ಉಪ್ಪಿನಕಾಯಿ, ಹಸಿ ಚಟ್ನಿ, ಹರಡಬಹುದಾದ, ಸವರಬಹುದಾದ ಎಲ್ಲವೂ ತಪಾಸಣೆಯ ಲೆಕ್ಕದಲ್ಲಿ ದ್ರವವೇ. 2006ರ ಆಗಸ್ಟ್‌ನಲ್ಲಿ, ಬ್ರಿಟನ್ನಿನಿಂದ ಅಮೆರಿಕ ಖಂಡಕ್ಕೆ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕಗಳಿಂದ ನಾಶಮಾಡುವ ಸಂಚು ಬಯಲಾದ ಬಳಿಕ ಜಗತ್ತಿನ ಬಹುಭಾಗಕ್ಕೆ ಹಬ್ಬಿದ ಕಟ್ಟಳೆ ಇದು. ಯಾರೋ ಕೆಲವರ ದ್ವೇಷದ ಫಲವನ್ನು ಹಳ್ಳಿಯ ತುಪ್ಪವೂ ಉಣ್ಣಬೇಕಾಯಿತು.

ಹಿಂದಿರುಗಿ ಪೆಟ್ಟಿಗೆಯಲ್ಲಿ ಸೇರಿಸಲು ಹೊತ್ತು ಮೀರಿತ್ತು. ಸೋದರಳಿಯ ಹೋಗಿಯಾಗಿತ್ತು. “ತಮ್ಮಾ, ನೀನೂ ನನ್ನ ಮಗನ ವಯಸ್ಸಿನಾಂವ. ನೀ ಒಯ್ದು ಉಣ್ಣು” ಎಂದರು ತಾಯಿ. ಪ್ರಯಾಣಿಕರಿಂದ ಏನನ್ನೂ ಸ್ವೀಕರಿಸುವಂತಿಲ್ಲ ಎಂದು ಆತ ಕೈಮುಗಿದ. ತಾನೇ ಎತ್ತಿ ಎಸೆಯಲಿಲ್ಲ. ಅವರೇ ಇಡಲೆಂದು ಕಾದ. ಇಟ್ಟರು. ವಿಮಾನದಲ್ಲಿ ಕೊಟ್ಟ ಊಟವನ್ನು ಅವರು ಮುಟ್ಟಲಿಲ್ಲ.

ಊರಿಗೆ ಮರಳಿದ ಮೇಲೆ ಶ್ರೀಮಠಕ್ಕೆ ಬಂದು ಪೂಜ್ಯರ ಮುಂದೆ ಅವರು ಕೇಳಿದ್ದು ಒಂದೇ: “ಬುದ್ಧೀ, ಪ್ರಸಾದ ಕಸಕ್ಕ ಹಾಕೀನಿ. ಇದರ ದೋಷ ನನಗ ತಟ್ಟತೈತೇನ್ರಿ?”

ಪೂಜ್ಯರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನಪಿಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಳತೆಯದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಹಿಂದಿರುಗಿಸಿದಳು. ಒಯ್ಯುವಾಗಲೂ ಅಳತೆಯ ಅರಿವು ಬೇಕು ಎಂಬುದು ಪೂಜ್ಯರ ಸೂಚನೆಯಾಗಿತ್ತು.

ಈ ದೃಷ್ಟಾಂತ ತಾಯಿಯ ಪ್ರಸಂಗಕ್ಕೆ ಪೂರ್ಣ ಒಪ್ಪುತ್ತದೆಯೇ? ಲಕ್ಕಮ್ಮ ತಡೆದದ್ದು ಆಸೆಯನ್ನು. ಬಾಣಂತಿ ಮಗಳಿಗೆ ಒಯ್ದ ತುಪ್ಪದಲ್ಲಿ ಆಸೆಯನ್ನು ಹುಡುಕುವುದು ಕಠಿಣವಾದೀತು. ಇಲ್ಲಿ ಕೊರತೆಯಾದದ್ದು ಭಕ್ತಿಯಲ್ಲಲ್ಲ, ವಿಚಾರಣೆಯಲ್ಲಿ. ಗಸಗಸೆಯ ಬಗ್ಗೆ ಕೇಳಿದಂತೆ ತುಪ್ಪದ ಬಗ್ಗೆಯೂ ಕೇಳಿದ್ದರೆ ಅದು ಪೆಟ್ಟಿಗೆಯಲ್ಲಿ ಸುಖವಾಗಿ ಹೋಗುತ್ತಿತ್ತು. ಅರಿವಿಲ್ಲದ ಆಚಾರವನ್ನು ಶರಣರು ಎಂದೂ ಹೊಗಳಿದವರಲ್ಲ. ಆದರೆ ತುಪ್ಪವನ್ನು ತಡೆದವನಿಗೇ ಅದನ್ನು ಉಣ್ಣೆಂದು ನೀಡಹೋದ ಆ ಕ್ಷಣವಿದೆಯಲ್ಲ, ಅಲ್ಲಿ ‘ನನ್ನ ಮಗಳಿಗೆ’ ಎಂಬುದು ಕಳಚಿತ್ತು. ಆ ಯುವಕ ಒಲ್ಲೆನೆಂದದ್ದು ಅವನ ಕಾಯಕದ ನಿಷ್ಠೆ. ಬುಟ್ಟಿಗೆ ಬಿದ್ದದ್ದು ತುಪ್ಪ. ದಾಸೋಹ ಅದಕ್ಕೆ ಮುಂಚೆಯೇ ನಡೆದುಹೋಗಿತ್ತು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಯಂತ್ರದ ಕಿರಣ ತಾಗಿದ ಪ್ರಸಾದ ಮೈಲಿಗೆಯಾಗುತ್ತದೆಯೇ, ಪಾದರಕ್ಷೆ ಸಾಗಿದ ಪಟ್ಟಿಯ ಮೇಲೆಯೇ ಅದೂ ಸಾಗಬಹುದೇ ಎಂದು ಕೆಲವು ಭಕ್ತರು ಕೇಳುವುದುಂಟು. ಕ್ಷ-ಕಿರಣ ಆಹಾರದಲ್ಲಿ ಉಳಿಯುವುದಿಲ್ಲ. ಅದು ಹಾದುಹೋಗುವ ಬೆಳಕು ಮಾತ್ರ. ಇನ್ನು ಮೈಲಿಗೆಯ ಮಾತು: ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಪರಂಪರೆ ಚರ್ಮದ ಚಪ್ಪಲಿಗೆ ಅಂಜಬೇಕಾದ ಕಾರಣವಿಲ್ಲ. ಬೆಳ್ಳಿಯ ಕರಡಿಗೆಯಿಂದ ಲೋಹಶೋಧಕ ಸದ್ದು ಮಾಡಿದರೂ ಗಾಬರಿಯಾಗದೆ, ಇದು ಇಷ್ಟಲಿಂಗವೆಂದು ಮೊದಲೇ ತಿಳಿಸಬೇಕು. ಮಹಿಳೆಯರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ.

2024ರಲ್ಲಿ ಆ ತಾಯಿ ಮತ್ತೆ ದುಬೈಗೆ ಹೊರಟರು. ಈ ಸಲ ತುಪ್ಪದ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಎರಡು ಇಳಕಲ್ಲ ಸೀರೆಗಳಲ್ಲಿ ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಇಟ್ಟರು. ಕೈಚೀಲದಲ್ಲಿ ಇದ್ದದ್ದು ಕಟಕ ರೊಟ್ಟಿ ಮಾತ್ರ. ರೊಟ್ಟಿಯಷ್ಟೇ ಅಗಲದ ಸ್ಟೀಲ್ ಡಬ್ಬಿ. ತಳಕ್ಕೊಂದು, ಐದು ರೊಟ್ಟಿಗೊಂದು ಹಳೆಯ ಧೋತರದ ಮಡಿಕೆ. ಮೇಲೆ ಅಲುಗಾಡದಂತೆ ಮತ್ತೊಂದು. ತಪಾಸಣೆಯಲ್ಲಿ ಡಬ್ಬಿ ತೆಗೆಯಹೇಳಿದರು. ತಾವೇ ತೆಗೆದು, ಅರಿವೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಅದೇ ಕ್ರಮದಲ್ಲಿ ಮುಚ್ಚಿದರು. ಹಿಂದೆ ಸಾಲು ಬೆಳೆಯಿತು, ಯಾರೂ ಅವಸರಪಡಿಸಲಿಲ್ಲ.

30 ರೊಟ್ಟಿಗಳಲ್ಲಿ ಏಳು ಮುರಿದಿದ್ದವು. ಮಗಳು ಆ ಚೂರುಗಳನ್ನು ಮೊಸರಿನಲ್ಲಿ ನೆನೆಹಾಕಿ, ಮೇಲೊಂದು ಚಮಚ ಆ ತುಪ್ಪ ಬಿಟ್ಟು ಕಲಸಿದಳು. ಮೊಮ್ಮಗು ಬಟ್ಟಲನ್ನು ನೆಕ್ಕಿ ಮುಗಿಸಿತು.