ಹಾಜರಿ ಪುಸ್ತಕದಲ್ಲಿನ ಹೆಸರು

ಶಾಲೆಯಲ್ಲಿ ನಾವು ಕಲಿತ ಮೊದಲನೆಯ ಪಾಠವು ಯಾವುದೆಂದು ಯಾರಾದರೂ ಕೇಳಿದರೆ, ಹಾಜರಿ ಪುಸ್ತಕದಲ್ಲಿನ ನಮ್ಮ ಹೆಸರನ್ನು ಕರೆದಾಗ ಎದ್ದು ನಿಂತು ಉತ್ತರ ಕೊಡುವುದೇ ಎಂದು ಹೇಳುವೆವು. ಕೊಹಿನೂರಿನ ನಮ್ಮ ಮನೆಯಲ್ಲಿ ನಮ್ಮ ತಾಯಿಯವರನ್ನು ಯಾರೂ ಹೆಸರಿನಿಂದ ಕರೆದುದನ್ನು ನಾವು ಕೇಳಿರಲಿಲ್ಲ. ಅವರು ಒಬ್ಬರಿಗೆ ಸೊಸೆ, ಒಬ್ಬರಿಗೆ ಹೆಂಡತಿ, ನಮಗೆ ಅವ್ವ. ದಿನವೆಲ್ಲ ತೊಗರಿಯ ಹೊಲದಲ್ಲಿ ಕಳೆ ತೆಗೆದು ಬಂದರೂ ಅವರ ಕೂಲಿಯ ಲೆಕ್ಕವು ನಮ್ಮ ತಂದೆಯವರ ಹೆಸರಿನಲ್ಲಿಯೇ ನಡೆಯುತ್ತಿತ್ತು.

ಇದು ನಮ್ಮ ಮನೆಯೊಂದರ ಸಂಗತಿಯಲ್ಲ. 1951-52ರ ಮೊದಲನೆಯ ಮಹಾಚುನಾವಣೆಯ ಕಾಲದಲ್ಲಿ ಉತ್ತರ ಹಿಂದುಸ್ಥಾನದ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಹೀಗಾಗಿ ಸುಮಾರು 28 ಲಕ್ಷ ಸ್ತ್ರೀಯರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಕೈಗೆ ಬಂದ ಮತವು ಹೆಸರಿಲ್ಲದ ಕಾರಣ ಜಾರಿಹೋಯಿತು.

ಅಲ್ಲಿಂದೀಚೆಗೆ ಕಾಯಿದೆಗಳು ಬಹಳ ಉಪಕಾರ ಮಾಡಿವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಮೂರರಲ್ಲೊಂದು ಪಾಲು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿತು; 2010ರಲ್ಲಿ ಕರ್ನಾಟಕವು ಅದನ್ನು ಅರ್ಧಪಾಲಿಗೆ ಏರಿಸಿತು. ಆದರೂ 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿಬಂದ ಸ್ತ್ರೀಯರು 10 ಮಂದಿ ಮಾತ್ರ.

ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ಕಾಕಿಯವರು ಪಂಚಾಯಿತಿಗೆ ಆರಿಸಿಬಂದಿದ್ದರು. ಅವರೊಡನೆ ನಾವೂ ಒಮ್ಮೆ ಸಭೆಗೆ ಹೋದೆವು. ಕುರ್ಚಿಯಲ್ಲಿ ಕಾಕಾರವರು ಕುಳಿತರು. ಕಾಕಿಯವರು ಬಾಗಿಲ ಬಳಿ ನಿಂತರು. ಸಹಿಗೆಂದು ಒಂದು ಕಾಗದ ಬಂದಿತು. ಕಾಕಿಯವರು ಅದನ್ನು ನಮ್ಮ ಕೈಗಿತ್ತು, "ಮೊದಲ ಓದಿ ಹೇಳು, ತಂಗಿ" ಎಂದರು. ಓಣಿಯ ನಳದ ಕೆಲಸವು ಮುಗಿಯಿತೆಂದು ಅದರಲ್ಲಿ ಬರೆದಿತ್ತು. "ನಳಕ್ಕ ಇನ್ನೂ ನೀರೇ ಬಂದಿಲ್ಲ. ಹೆಸರು ನಂದು ಅದ, ನಾ ಸಹಿ ಮಾಡೂದಿಲ್ಲ" ಎಂದು ಅವರು ಕಾಗದವನ್ನು ಹಿಂದಕ್ಕೆ ಕೊಟ್ಟರು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕಾರವರು ಎದ್ದು ಕುರ್ಚಿಯನ್ನು ಬಿಟ್ಟುಕೊಟ್ಟರು.

ಆಗ ನಮಗೆ ನಮ್ಮ ಸೀಮೆಯವಳೇ ಆದ ಒಬ್ಬ ಶರಣೆಯ ನೆನಪಾಯಿತು. 12ನೆಯ ಶತಮಾನದ ಕಲ್ಯಾಣದಲ್ಲಿ ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿಸಿದವಳೆಂದು ಆಯ್ದಕ್ಕಿ ಲಕ್ಕಮ್ಮನು ಪ್ರಸಿದ್ಧಳು. ಕಾಯಕ ಮಾಡುವವಳಿಗೆ ಸರಿತಪ್ಪುಗಳನ್ನು ನುಡಿಯುವ ಅಧಿಕಾರವೂ ಉಂಟೆಂಬುದು ಈ ನೆಲಕ್ಕೆ ಹೊಸ ಮಾತಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ನಾಳೆ ನೀವು ಉಪಾಧ್ಯಾಯಿನಿಯರೂ ದಾದಿಯರೂ ವಕೀಲರೂ ಶಾಸನಸಭೆಯ ಸದಸ್ಯರೂ ಆಗಬಹುದು. ಕಾಯಿದೆಯು ಕುರ್ಚಿಯನ್ನು ಕೊಡಬಲ್ಲದು. ಅದರಲ್ಲಿ ಕುಳಿತುಕೊಳ್ಳಬೇಕಾದವರು ನಾವೇ. ಆದಕಾರಣ ಹೆಸರು ಕರೆದಾಗ ಎದ್ದು ನಿಲ್ಲುವ ಮೊದಲ ಪಾಠವನ್ನು ಮರೆಯದಿರಿ. ಸಹಿ ಹಾಕುವುದಕ್ಕೆ ಮುಂಚೆ ಓದಿರಿ. ಓದಲು ಬಾರದ ಅಕ್ಕತಂಗಿಯರಿಗೆ ಓದಿ ಹೇಳಿರಿ.