ಸುಳ್ಯದ ರಬ್ಬರ್, ಸಿಲೋನಿನ ಅಕ್ಕಿ, ಚೀನಾದ ಸಿದ್ಧಾಂತ

ರಾಜ್ಯಶಾಸ್ತ್ರ ತರಗತಿಯಲ್ಲಿ ಚೀನಾದ ವಿಷಯ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ ಬರುತ್ತದೆ: "ಅವರು ಕಮ್ಯುನಿಸ್ಟರಲ್ವಾ ಸರ್, ಮತ್ತೆ ಪಾಕಿಸ್ತಾನದ ಜೊತೆ ಎಂಥ ದೋಸ್ತಿ?" ನಗು ಬರುತ್ತದೆ, ಆದರೆ ಪ್ರಶ್ನೆ ಸಣ್ಣದಲ್ಲ. ದೇವರನ್ನೇ ಒಪ್ಪದ ಪಕ್ಷದ ಆಡಳಿತ ಒಂದು ಕಡೆ, ಇಸ್ಲಾಮಿನ ಹೆಸರಿನಲ್ಲಿ ಹುಟ್ಟಿದ ದೇಶ ಇನ್ನೊಂದು ಕಡೆ. 1963ರಲ್ಲೇ ಇವರಿಬ್ಬರೂ ಗಡಿ ಒಪ್ಪಂದ ಮಾಡಿಕೊಂಡರು. ಆಗ ಪಾಕಿಸ್ತಾನ ಅಮೆರಿಕದ ಕಮ್ಯುನಿಸ್ಟ್ ವಿರೋಧಿ ಕೂಟದಲ್ಲಿತ್ತು ಬೇರೆ! ಹಾಗಾದರೆ ಚೀನಾದ ಸಿದ್ಧಾಂತ ಬರೀ ಬಾಯಿಮಾತೇ? ಇದಕ್ಕೆ ಉತ್ತರ ಹುಡುಕಲು ನನಗೆ ಸಹಾಯವಾದದ್ದು ನಮ್ಮದೇ ತಾಲೂಕುಗಳ ರಬ್ಬರ್ ತೋಟ.

ಪುತ್ತೂರಿನಿಂದ ಸುಳ್ಯದ ಕಡೆಗೋ ಕಡಬದ ಕಡೆಗೋ ಬಸ್ಸಿನಲ್ಲಿ ಹೋದವರಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಗೊತ್ತು. ಅಲ್ಲಿ ಟ್ಯಾಪಿಂಗ್ ಮಾಡುವವರಲ್ಲಿ ಹೆಚ್ಚಿನವರು ತಮಿಳು ಮಾತಾಡುತ್ತಾರೆ. ಅವರ ಹಿರಿಯರನ್ನು ಬ್ರಿಟಿಷರ ಕಾಲದಲ್ಲಿ ಸಿಲೋನಿನ ಚಹಾ, ರಬ್ಬರ್ ತೋಟಗಳಿಗೆ ಕರೆದುಕೊಂಡು ಹೋಗಿದ್ದರು. 1948ರ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ 5 ಲಕ್ಷ 25 ಸಾವಿರ ಜನರನ್ನು ಭಾರತ ತೆಗೆದುಕೊಳ್ಳಬೇಕಾಯಿತು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಊರುಗಳಿಗೆ ಬಂದರು. ನನ್ನ ಜೊತೆ ಓದುವ ಒಬ್ಬಳ ಅಜ್ಜಿ ಹುಟ್ಟಿದ್ದು ಅಂಥ ಒಂದು ತೋಟದ ಲೈನ್ ಮನೆಯಲ್ಲಿ. ಅವರಿಗೆ ಮಾವೋ ಯಾರೆಂದು ಗೊತ್ತಿಲ್ಲ. ರೇಷನ್ ಅಕ್ಕಿ ಮಾತ್ರ ಚೆನ್ನಾಗಿ ನೆನಪಿದೆ.

ಆ ಅಕ್ಕಿಗೂ ಮಾವೋಗೂ ಸಂಬಂಧವಿದೆ. 1950ರಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಚೀನಾ ಅದರಲ್ಲಿ ಇಳಿದ ಮೇಲೆ, 1951ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಬೇಕಾಗುವ ಸಾಮಾನು ಆ ದೇಶಕ್ಕೆ ಮಾರಬಾರದೆಂದು ವಿಶ್ವಸಂಸ್ಥೆ ನಿರ್ಣಯ ಮಾಡಿತು. ಮಲಯದ ರಬ್ಬರ್ ಚೀನಾಕ್ಕೆ ಹೋಗುವುದು ನಿಂತಿತು. ಟಯರ್ ಇಲ್ಲದೆ ಲಾರಿ ಓಡುವುದಾದರೂ ಹೇಗೆ? ಅದೇ ಹೊತ್ತಿಗೆ ಸಿಲೋನಿನಲ್ಲಿ ರಬ್ಬರ್ ಬೆಲೆ ಇಳಿದಿತ್ತು, ಅಕ್ಕಿ ಸಿಗುತ್ತಿರಲಿಲ್ಲ. ಅಲ್ಲಿ ಆಳುತ್ತಿದ್ದ ಡಡ್ಲಿ ಸೇನಾನಾಯಕೆ ಸರ್ಕಾರಕ್ಕೆ ಕಮ್ಯುನಿಸ್ಟರನ್ನು ಕಂಡರೆ ಆಗದು. ಆದರೂ 1952ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಒಪ್ಪಂದವಾಯಿತು: ಐದು ವರ್ಷ, ವರ್ಷಕ್ಕೆ 50,000 ಟನ್ ರಬ್ಬರ್ ಆ ಕಡೆಗೆ, 2,70,000 ಟನ್ ಅಕ್ಕಿ ಈ ಕಡೆಗೆ. ರಬ್ಬರಿಗೆ ಚೀನಾ ಪೇಟೆ ದರಕ್ಕಿಂತ ಹೆಚ್ಚು ಕೊಟ್ಟಿತು. ಅಮೆರಿಕ ಸಿಟ್ಟಾಗಿ ಸಿಲೋನಿಗೆ ನೆರವು ತಡೆಯಿತು. ಇಷ್ಟೆಲ್ಲ ಆಗುವಾಗ ಎರಡು ದೇಶಗಳ ನಡುವೆ ರಾಯಭಾರ ಸಂಬಂಧವೇ ಇರಲಿಲ್ಲ. ಅದು ಆದದ್ದು 1957ರಲ್ಲಿ.

ಇದನ್ನು ಓದಿದಾಗ "ಓಹೋ, ವ್ಯಾಪಾರದ ಮುಂದೆ ಸಿದ್ಧಾಂತ ಏನೂ ಅಲ್ಲ" ಅನ್ನಿಸುತ್ತದೆ. 1972ರಲ್ಲಿ ನಿಕ್ಸನ್ ಜೊತೆ ಮಾವೋ ಕೈಕುಲುಕಿದ್ದು, 1979ರಲ್ಲಿ ಕಮ್ಯುನಿಸ್ಟ್ ಚೀನಾ ಕಮ್ಯುನಿಸ್ಟ್ ವಿಯೆಟ್ನಾಂ ಮೇಲೆ ಸೈನ್ಯ ನುಗ್ಗಿಸಿದ್ದು, ಇವೂ ಅದನ್ನೇ ಹೇಳುವಂತೆ ಕಾಣುತ್ತವೆ.

ಆದರೆ ಹೊರಗೆ ಸಡಿಲವಾಗಿದ್ದ ಸಿದ್ಧಾಂತ ಚೀನಾದ ಒಳಗೆ ಏನು ಮಾಡುತ್ತಿತ್ತು ಎಂದು ನೋಡಬೇಕು. 1958ರಲ್ಲಿ ಮಾವೋ 'ಮಹಾ ಮುನ್ನೆಗೆತ' ಎಂದು ಹಳ್ಳಿಗಳನ್ನೆಲ್ಲ ಕಮ್ಯೂನ್ ಮಾಡಿಸಿದರು. ಬೆಳೆ ಎಷ್ಟಾಯಿತು ಎಂದು ಅಧಿಕಾರಿಗಳು ಮೇಲಿನವರಿಗೆ ಸುಳ್ಳು ಲೆಕ್ಕ ಕೊಟ್ಟರು, ಆ ಲೆಕ್ಕದ ಮೇಲೆ ಧಾನ್ಯ ಎತ್ತಿಕೊಂಡು ಹೋದರು. ಬಂದ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಸತ್ತರು. 1959ರಲ್ಲೂ ಚೀನಾ ಧಾನ್ಯ ರಫ್ತು ಮಾಡುತ್ತಲೇ ಇತ್ತು. ಹೊರಗಿನವರಿಗೆ ಕೊಟ್ಟ ಮಾತು ತಪ್ಪಬಾರದು, ಪಕ್ಷದ ಮುಖ ಸಣ್ಣದಾಗಬಾರದು. ಈ ಭಾಗ ಓದುವಾಗ ಗೆಳತಿಯ ಅಜ್ಜಿಯ ರೇಷನ್ ಅಕ್ಕಿ ನನಗೆ ಬೇರೆಯಾಗಿಯೇ ಕಂಡಿತು.

ನನಗೆ ಅರ್ಥವಾದದ್ದು ಇಷ್ಟು. ಚೀನಾ ಯಾರ ಜೊತೆ ವ್ಯವಹಾರ ಮಾಡಬೇಕು ಎಂದು ಸಿದ್ಧಾಂತ ಹೇಳುವುದು ಕಡಿಮೆ. ಚೀನಾವನ್ನು ಯಾರು ಆಳಬೇಕು ಎಂದು ಅದು ಹೇಳುತ್ತದೆ, ಅಲ್ಲಿ ಒಂದು ಅಂಗುಲವೂ ಬಿಟ್ಟುಕೊಡುವುದಿಲ್ಲ. 1978ರ ನಂತರ ಡೆಂಗ್ ಷಿಯಾವೊಪಿಂಗ್ ಕಾರ್ಖಾನೆ, ಮಾರುಕಟ್ಟೆ, ವಿದೇಶಿ ಬಂಡವಾಳ ಎಲ್ಲಕ್ಕೂ ಬಾಗಿಲು ತೆರೆದರು. ಪಕ್ಷದ ಹಿಡಿತಕ್ಕೆ ಕೈ ಹಾಕಿದವರಿಗೆ 1989ರಲ್ಲಿ ಟಿಯಾನನ್ಮೆನ್ ಚೌಕದ ಸುತ್ತ ಉತ್ತರ ಸಿಕ್ಕಿತು. 2018ರಲ್ಲಿ ಷಿ ಜಿನ್‌ಪಿಂಗ್ ಹೆಸರಿನ ಚಿಂತನೆ ಸಂವಿಧಾನಕ್ಕೇ ಸೇರಿತು, ಅಧ್ಯಕ್ಷರಿಗಿದ್ದ ಎರಡು ಅವಧಿಯ ಮಿತಿ ಹೋಯಿತು. ಸುಮಾರು 10 ಕೋಟಿ ಸದಸ್ಯರಿರುವ ಆ ಪಕ್ಷದಲ್ಲಿ ಯಾರೂ ಯಾವ ಧರ್ಮವನ್ನೂ ನಂಬುವಂತಿಲ್ಲ. ಹೊರಗೆ ಮಾತ್ರ ಅದೇ ಹಳೆಯ ರೀತಿ. ಜಗತ್ತಿನಲ್ಲಿ ಅತಿ ಹೆಚ್ಚು ರಬ್ಬರ್ ಬಳಸುವ ದೇಶ ಈಗ ಚೀನಾ. ಶಾಂಘೈ ಪೇಟೆ ಬಿದ್ದರೆ ಕೊಟ್ಟಾಯಂ ದರ ಅಲುಗಾಡುತ್ತದೆ, ನಮ್ಮಲ್ಲಿ ಶೀಟ್ ಮಾರುವವರ ಮುಖವೂ.

ನಮ್ಮಂಥ ಕಾಲೇಜಿನಲ್ಲಿ ಓದುವವರು ಈ ವಿಷಯದಲ್ಲಿ ಷಿನ್‌ಜಿಯಾಂಗ್ ಬಗ್ಗೆ ಮಾತಾಡದೆ ಹೋಗಬಾರದು ಎಂದು ನನ್ನ ಅಭಿಪ್ರಾಯ. ಅಲ್ಲಿನ ಉಯ್ಘರ್ ಮುಸ್ಲಿಮರಿಗೆ 2017ರಿಂದ ಏನಾಯಿತು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್ 31ರಂದು ವರದಿ ಕೊಟ್ಟಿತು. ಜನರನ್ನು ಮನಬಂದಂತೆ ಕೂಡಿಹಾಕಿದ್ದು ಮಾನವತೆಯ ವಿರುದ್ಧದ ಅಪರಾಧವಾಗಬಹುದು ಎಂದಿತು. 'ವೃತ್ತಿ ತರಬೇತಿ ಕೇಂದ್ರ' ಎಂಬುದು ಚೀನಾದ ಸಮಜಾಯಿಷಿ. ಆ ವರದಿಯನ್ನು ಚರ್ಚಿಸಬೇಕೇ ಬೇಡವೇ ಎಂದು ಅಕ್ಟೋಬರ್ 6ರಂದು ಮಾನವ ಹಕ್ಕು ಮಂಡಳಿಯಲ್ಲಿ ಮತಕ್ಕೆ ಹಾಕಿದರು. ಶಿಕ್ಷೆಯ ಮಾತಿಲ್ಲ, ಬರೀ ಚರ್ಚೆ. ಬೇಕು ಎಂದವರು 17, ಬೇಡ ಎಂದವರು 19, ಯಾವ ಕಡೆಗೂ ಸೇರದವರು 11. ನಮ್ಮ ಭಾರತ ಈ 11ರಲ್ಲಿತ್ತು, ಮಲೇಷ್ಯಾ ಕೂಡ. ಬೇಡ ಎಂದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಯುಎಇ ಇದ್ದವು. ಗಲ್ಫ್‌ನಿಂದ ಬರುವ ದುಡ್ಡಿನಲ್ಲಿ ಫೀಸು ಕಟ್ಟುವ ನಾವು ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಚರ್ಚೆ ಆಗಲಿ ಎಂದು ಮತ ಹಾಕಿದ್ದು ಒಂದೇ ಒಂದು, ಸೊಮಾಲಿಯಾ.