ಧಣಿಯ ಕಣ್ಣು

ಅನ್ನ ಕೊಡುವವನು ಅನ್ನ ಉಣ್ಣುವವನ ನಡತೆಯನ್ನು ವಿಚಾರಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ೧೯೦೫ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ಲೋಕಕ್ಕೆ ತಿಳಿದುಬಂದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಇದರ ವಿಸ್ತಾರವಾದ ವಿಧಾನವುಂಟು. ಅಮಾತ್ಯನನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸತಕ್ಕದ್ದು. ಶಿಷ್ಯನ ವೇಷದ ಕಾಪಟಿಕನೂ ವರ್ತಕನ ವೇಷದ ವೈದೇಹಕನೂ ಊರೊಳಗೆ ಸುಳಿದಾಡಿ ವರ್ತಮಾನ ತರತಕ್ಕದ್ದು. ಆದರೂ ಆ ನಿಷ್ಠುರನಾದ ರಾಜನೀತಿಜ್ಞನು ಒಂದು ಎಚ್ಚರಿಕೆಯನ್ನು ಕೊಡದೆ ಬಿಟ್ಟಿಲ್ಲ: ನಿರ್ದುಷ್ಟನಾದವನನ್ನು ಪರೀಕ್ಷೆಯ ನೆವದಿಂದ ಕೆಡಿಸುವುದು ನೀರಿಗೆ ವಿಷ ಬೆರಸಿದಂತೆ, ಹಾಗೆ ಕೆಟ್ಟ ಮನಸ್ಸಿಗೆ ಆಮೇಲೆ ಮದ್ದು ದೊರೆಯುವುದು ದುರ್ಲಭ.

ಈಗಿನ ಧಣಿಗಳಿಗೆ ಗೂಢಪುರುಷರ ಸಂಬಳದ ಖರ್ಚಿಲ್ಲ. ನಮ್ಮ ಮನೆಯ ಹಬ್ಬ, ಹರಿದಿನ, ಸಿಟ್ಟು, ಸೆಡವುಗಳನ್ನೆಲ್ಲ ನಾವೇ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂಗಳಲ್ಲಿ ಒಣಹಾಕಿರುತ್ತೇವೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲವು, ನೌಕರಿ ಕೊಡುವುದಕ್ಕೆ ಮುಂಚೆ ಅಭ್ಯರ್ಥಿಯ ಪೂರ್ವಾಪರವನ್ನು ವಿಚಾರಿಸುವುದಕ್ಕೆ ಬೇರೆ ಸಂಸ್ಥೆಗಳಿಗೆ ಹಣ ಕೊಡುತ್ತವೆ. ಆ ವಿಚಾರಣೆಯಲ್ಲಿ ಜಾಲತಾಣದ ಬರಹಗಳೂ ಸೇರುವುದುಂಟು. ಈ ಗಾಳಿ ನಮ್ಮ ರಾಯಚೂರಿಗೂ ಬೀಸಿದೆ.

ಮಾನ್ವಿಯ ನನ್ನ ಮಿತ್ರರೊಬ್ಬರ ಮಗಳು ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದಳು. ತಂದೆಗೆ ಪಾರ್ಶ್ವವಾಯು, ಮನೆ ನಡೆಯುವುದು ಅವಳ ಸಂಬಳದಿಂದ. ದೇವದುರ್ಗದಲ್ಲಿ ಸೋದರಮಾವನ ಮಗಳ ಮದುವೆಯಾದಾಗ ಮೆರವಣಿಗೆಯಲ್ಲಿ ನಾಲ್ಕು ಹೆಜ್ಜೆ ಕುಣಿದಳು. ಆ ವಿಡಿಯೋವನ್ನು ಇನ್‌ಸ್ಟಾಗ್ರಾಂಗೆ ಹಾಕಿದವಳು ಅವಳೂ ಅಲ್ಲ, ಮಾವನ ಕಿರಿಯ ಮಗ. ಅದು ಹೇಗೋ ಆಡಳಿತ ಮಂಡಳಿಯವರ ಮೊಬೈಲಿಗೆ ಬಂದಿತು. ಕರೆದು, ಕ್ಷಮಾಪಣೆಯನ್ನು ಬರೆದುಕೊಡಬೇಕೆಂದೂ, ತನ್ನ ಖಾತೆಗಳೆಲ್ಲದರ ಹೆಸರನ್ನು ತಿಳಿಸಬೇಕೆಂದೂ ಅಪ್ಪಣೆ ಮಾಡಿದರು. ಅವಳು ಆ ಸಂಜೆಯೇ ನನ್ನಲ್ಲಿಗೆ ಬಂದು, “ಕಾಕಾ, ಇದಕ್ಕ ನಾ ಏನಂತ ಬರೀಲ್ರಿ?” ಎಂದು ಕಾಗದವನ್ನು ಮುಂದಿಟ್ಟಳು.

ನಾನು ಮೂರು ವಾಕ್ಯಗಳನ್ನು ಹೇಳಿ ಬರೆಯಿಸಿದೆ. ಆ ದಿನ ಭಾನುವಾರ. ಮದುವೆ ನನ್ನ ಮಾವನ ಮನೆಯದು. ಕುಣಿದದ್ದು ನಿಜ. ಕ್ಷಮೆಯ ಮಾತನ್ನು ಅವಳೂ ಕೇಳಲಿಲ್ಲ, ನಾನೂ ಸೇರಿಸಲಿಲ್ಲ.

ಇಲ್ಲಿ ಒಂದು ಮಾತು ನೆನಪಿಗೆ ಬರುತ್ತದೆ. ಚೀಕಲಪರ್ವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ನಮ್ಮ ಸೀಮೆಯವರು. ಕಾಲಿಗೆ ಗೆಜ್ಜೆ ಕಟ್ಟಿ ಬೀದಿಯಲ್ಲಿ ಕುಣಿದು ಹಾಡುವುದು ದಾಸಸಂಪ್ರದಾಯ. ಆ ಶಾಲೆಯ ಪ್ರಾರ್ಥನೆಯಲ್ಲಿಯೂ ದಾಸರ ಪದವನ್ನೇ ಹಾಡಿಸುತ್ತಾರೆ!

ಸರ್ಕಾರಿ ನೌಕರರ ಸ್ಥಿತಿ ಬೇರೆ. ಅವರಿಗೆ ೧೯೬೬ರಿಂದಲೂ ನಡತೆಯ ನಿಯಮಗಳುಂಟು. ೨೦೨೧ರಲ್ಲಿ ಅವನ್ನು ಹೊಸದಾಗಿ ರಚಿಸಿದರು. ೨೦೨೩ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಹಿಂದಿನ ಮುಖ್ಯಮಂತ್ರಿಗಳ ಕಾಲದ ಸಾಲದ ಲೆಕ್ಕವನ್ನು ಜಾಲತಾಣದಲ್ಲಿ ಬರೆದು ಸರ್ಕಾರವನ್ನು ಟೀಕಿಸಿದ್ದಕ್ಕಾಗಿ ಅಮಾನತುಗೊಂಡರು. ೨೦೨೫ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಸಿರವಾರ ತಾಲ್ಲೂಕಿನ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಲಿಂಗಸುಗೂರಿನಲ್ಲಿ ನಡೆದ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪಥಸಂಚಲನದಲ್ಲಿ ಪಾಲ್ಗೊಂಡು ಅದೇ ದಂಡನೆಗೆ ಗುರಿಯಾದರು. ಆಡಳಿತ ನ್ಯಾಯಮಂಡಳಿಯು ಆ ಆಜ್ಞೆಗೆ ತಡೆ ಕೊಟ್ಟಿತು. ಈ ನಿಯಮಗಳು ಬಿಗಿಯೆಂದೇ ನನ್ನ ಅಭಿಪ್ರಾಯ. ಆದರೂ ಅವು ಅಚ್ಚಾಗಿವೆ. ಓದಿ ನೌಕರಿಗೆ ಸೇರಬಹುದು. ಅನ್ಯಾಯವೆನಿಸಿದರೆ ದೂರು ಕೊಡುವುದಕ್ಕೆ ಒಂದು ಬಾಗಿಲುಂಟು. ಖಾಸಗಿ ಶಾಲೆಯ ಹುಡುಗಿಗೆ ತೋರಿಸಿದ ನಿಯಮ ಯಾವುದು? ಆಡಳಿತದವರ ಹುಬ್ಬುಗಂಟು.

ಕಾನೂನು ಏನು ಹೇಳುತ್ತದೆಂದು ಕೆಲವರು ಕೇಳಬಹುದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅನಂತರ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಾಯಿತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಆದರೆ ತಾನೇ ಬಹಿರಂಗಪಡಿಸಿದ ಸಂಗತಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ನೌಕರಿಯ ಉದ್ದೇಶಕ್ಕಾಗಿ, ಧಣಿಯನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ನೌಕರನ ಒಪ್ಪಿಗೆಯಿಲ್ಲದೆಯೂ ಅವನ ವಿವರಗಳನ್ನು ಬಳಸಬಹುದೆಂದು ಅದರಲ್ಲಿಯೇ ಇದೆ. ಕೊಡೆಯನ್ನು ಕೊಟ್ಟಿದ್ದಾರೆ, ತೂತುಗಳೂ ಅದರ ಜೊತೆಗೇ ಬಂದಿವೆ.

ಹಾಗೆಂದು ಧಣಿಗೆ ಯಾವ ಅಧಿಕಾರವೂ ಇಲ್ಲವೆಂದು ನಾನು ವಾದಿಸುವವನಲ್ಲ. ಉಪಾಧ್ಯಾಯನೊಬ್ಬನು ತನ್ನ ತರಗತಿಯ ಮಗುವಿನ ಜಾತಿಯನ್ನೋ ದಡ್ಡತನವನ್ನೋ ಹಾಸ್ಯಮಾಡಿ ವಾಟ್ಸಾಪಿನಲ್ಲಿ ಬರೆದರೆ, ಅದನ್ನು ರಾತ್ರಿ ಹತ್ತು ಗಂಟೆಗೆ ತನ್ನ ಮನೆಯಲ್ಲಿ ಕುಳಿತು ಬರೆದಿದ್ದರೂ, ಶಾಲೆಯವರು ವಿಚಾರಿಸಲೇಬೇಕು. ಅಲ್ಲಿ ಪೆಟ್ಟು ಬೀಳುವುದು ಮಗುವಿಗೆ. ಮದುವೆಯ ಕುಣಿತದಿಂದ ಯಾವ ಮಗುವಿನ ಲೆಕ್ಕ ತಪ್ಪೀತು?

ಕಾಗದವನ್ನು ಓದಿಕೊಂಡ ಆಡಳಿತದವರು ಮರುಮಾತಾಡಲಿಲ್ಲ. ಏಪ್ರಿಲಿನಲ್ಲಿ ಪರೀಕ್ಷೆಗಳು ಮುಗಿದ ಮೇಲೆ, ಜೂನಿನಿಂದ ಬರುವ ಅಗತ್ಯವಿಲ್ಲವೆಂದು ಫೋನಿನಲ್ಲಿ ತಿಳಿಸಿದರು; ಕಾರಣ ಹೇಳಲಿಲ್ಲ. ಈಗ ಅವಳು ಮಾನ್ವಿಯಲ್ಲಿಯೇ ಬೇರೊಂದು ಶಾಲೆಯಲ್ಲಿದ್ದಾಳೆ, ತಿಂಗಳಿಗೆ ಎರಡು ಸಾವಿರ ಕಡಿಮೆಗೆ. ಹೋದ ತಿಂಗಳು ತಮ್ಮನ ಮದುವೆಯಲ್ಲಿ ಫೋಟೋದವನು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ ಅವಳು ಅಡಿಗೆಮನೆಗೆ ಹೋಗಿ ನಿಂತಳಂತೆ. ಎಷ್ಟು ಕರೆದರೂ ಹೊರಗೆ ಬರಲಿಲ್ಲವೆಂದು ಅವಳ ತಾಯಿ ನನಗೆ ಹೇಳಿದರು.